ಮಾಜಾಳಿಯಿಂದ ಅರಗಾವರೆಗೆ ಏಳು ದಾಳ

ನಮಸ್ಕಾರ.

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುವ ನಿಮ್ಮ ಕತೆಯಾಟ ‘ಕಾಳಿ 2091’ರ ಕರಡನ್ನು ಎರಡು ಸಲ ನೋಡಿದೆ. ಒಮ್ಮೆ ಸುಮ್ನೆ ಓದಿದೆ. ಇನ್ನೊಮ್ಮೆ ಮನೆಯಲ್ಲಿ ಮೂವರನ್ನು ಕೂರಿಸಿಕೊಂಡು ದಾಳ ಹಾಕಿ ಆಡಿದೆ. ಬಂದರೆಲ್ಲ ಕಂಪನಿಗಳ ಪಾಲಾದ, ಯಂತ್ರಗಳೇ ಕಾವಲು ಕಾಯುವ ಮುಂದಿನ ಕಾಲದ (ಸೈಬರ್‌ಪಂಕ್) ಕಾರವಾರ, ನಕಲಿ ಗುರುತು ಹಿಡಿದು ಒಳಗೆ ನುಗ್ಗುವ ನಾಲ್ವರು. ಕತೆ ಇಷ್ಟವಾಯಿತು. ಆದರೆ ಗುರುತು ಮತ್ತು ಪ್ರವೇಶದ ನಿಯಮಗಳು ಹೀಗೇ ಅಚ್ಚಿಗೆ ಹೋಗಲಾರವು. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ಹೇಳುತ್ತೇನೆ.

ಮೊದಲು ಲೆಕ್ಕ. ಒಳ್ಳೆಯ ನಕಲಿ ಗುರುತು ಪ್ರತಿ ಗೇಟಿನಲ್ಲೂ ನೂರಕ್ಕೆ 90 ಸಲ ಪಾರಾಗುತ್ತದೆ ಎಂದು ಬರೆದಿದ್ದೀರಿ. ಕೇಳಲು ಧಾರಾಳವೇ. ಆದರೆ ಗೋವಾ ಗಡಿಯ ಮಾಜಾಳಿಯಿಂದ ಕಾರವಾರದಾಚೆಯ ಅರಗಾ ಮುಟ್ಟುವಷ್ಟರಲ್ಲಿ ನಿಮ್ಮ ನಕ್ಷೆಯಲ್ಲಿ ಏಳು ಗೇಟು. ಏಳು ಸಲ 0.9 ಅನ್ನು ಗುಣಿಸಿ ನೋಡಿ, 0.48ರ ಹತ್ತಿರ ಬರುತ್ತದೆ. ಅರ್ಧಕ್ಕಿಂತ ಜಾಸ್ತಿ ಸಲ ದಾರಿಯಲ್ಲೇ ಸಿಕ್ಕಿಬೀಳುತ್ತಾರೆ. ನಮ್ಮ ಮನೆಯ ಆಟ ಕಾಳಿ ಸೇತುವೆ ದಾಟುವ ಮೊದಲೇ ಮುಗಿಯಿತು, ಚಹಾ ಕೂಡ ಬಂದಿರಲಿಲ್ಲ. ಒಂದು ಗೇಟಿನಲ್ಲಿ ನಡೆದ ಗುರುತು ಅದೇ ಥರದ ಗೇಟಿನಲ್ಲಿ ಮತ್ತೆ ನಡೆಯಲಿ. ಏನಾದರೂ ಬದಲಾದಾಗ ಮಾತ್ರ ದಾಳ ಹಾಕಿಸಿ. ಹೊಸ ಕಾವಲುಗಾರ ಬಂದ, ಹೊಸ ಯಂತ್ರ ಕೂರಿಸಿದರು, ಇಲ್ಲಾ ಅದೇ ಹೆಸರಲ್ಲಿ ನಿನ್ನೆ ರಾತ್ರಿ ಯಾರೋ ರಂಪ ಮಾಡಿದರು.

ಪುಟ 9ರಲ್ಲಿ ನಿಮ್ಮ ಸ್ಕ್ಯಾನರ್‌ಗೆ ಎಲ್ಲವೂ ಗೊತ್ತು. ಅಲ್ಲಿ ಎರಡು ಬೇರೆ ಕೆಲಸ ಕಲಸಿಹೋಗಿವೆ. ಈಗಿನ ಆಧಾರ್ ಸಂಖ್ಯೆಯನ್ನೇ ತಗೊಳ್ಳಿ. 12 ಅಂಕಿಗಳಲ್ಲಿ ಕೊನೆಯದು ಮೊದಲ 11ರಿಂದ ಲೆಕ್ಕ ಹಾಕಿ ಬಂದದ್ದು. ಒಂದು ಅಂಕಿ ತಪ್ಪಾದರೂ ನೆಟ್‌ವರ್ಕ್ ಇಲ್ಲದೆಯೇ ಯಂತ್ರ ಹಿಡಿಯುತ್ತದೆ. ಆದರೆ ಆ ಸಂಖ್ಯೆಗೆ ಒಬ್ಬ ಮನುಷ್ಯ ಇದ್ದಾನಾ ಅಂತ ತಿಳಿಯಲು ದೂರದ ದಾಖಲೆಯನ್ನೇ ಕೇಳಬೇಕು. ಈಗ ನಮ್ಮ ಮಳೆಗಾಲ ನೆನಪಿಸಿಕೊಳ್ಳಿ. ಮರ ಬಿದ್ದು ಕರೆಂಟಿಲ್ಲ, ಟವರ್ ಸತ್ತಿದೆ. ಗೇಟು ಸಂಖ್ಯೆ ಸರಿಯಿದೆಯಾ ಅಂತ ಮಾತ್ರ ನೋಡಿ ಒಳಗೆ ಬಿಡುತ್ತದೆ, ಹೆಸರು ಬರೆದಿಟ್ಟುಕೊಳ್ಳುತ್ತದೆ. ನೆಟ್‌ವರ್ಕ್ ಬಂದ ಕೂಡಲೇ ಆ ಪಟ್ಟಿ ದೂರದ ದಾಖಲೆಯ ಜೊತೆ ತಾಳೆ ನೋಡಲು ಹೋಗುತ್ತದೆ. ಅಲ್ಲಿಯವರೆಗೆ ಆಟಗಾರರಿಗೆ ಬಿಡುವು. ಎಷ್ಟು ಹೊತ್ತು ಅಂತ ಅವರಿಗೂ ಗೊತ್ತಿಲ್ಲ. ಕಾರವಾರದಲ್ಲಿ ಕತೆ ಇಟ್ಟು ಮಳೆಯನ್ನೇ ಬಿಟ್ಟಿದ್ದೀರಲ್ಲ ಮಾರಾಯ್ರೇ!

ಪ್ರವೇಶಕ್ಕೆ 1ರಿಂದ 9ರವರೆಗೆ ಮೆಟ್ಟಿಲು ಮಾಡಿದ್ದೀರಿ, 9 ಇದ್ದವನಿಗೆ ಎಲ್ಲ ಬಾಗಿಲೂ ತೆರೆದಿದೆ. ಗುಟ್ಟು ಕಾಯುವ ಜಾಗಗಳಲ್ಲಿ ಹಾಗೆ ನಡೆಯುವುದಿಲ್ಲ. ದೊಡ್ಡ ಹುದ್ದೆ ಇದ್ದರೆ ಸಾಲದು, ಆ ಕೋಣೆಯಲ್ಲಿ ನಿನಗೇನು ಕೆಲಸ ಅಂತಲೂ ಕೇಳುತ್ತಾರೆ. ಅದೇ ಎಸಿ ರಿಪೇರಿಯವನಾದರೆ ಸರ್ವರ್ ಕೋಣೆಗೂ ಹೋಗುತ್ತಾನೆ, ಜೊತೆಗೆ ಒಬ್ಬ ಕಾವಲಿನವನು ಇರುತ್ತಾನೆ. ಆ ಕಾವಲಿನವನಿಗೆ ಬೀಡಿ ಚಟ ಇದ್ದರೆ ನಿಮಗೊಂದು ಸಂಜೆಯ ಆಟ ಸಿಕ್ಕಿತು.

ನಿಮ್ಮ ಕರಡಿನ ಜೀವ ಇರುವುದು ಪುಟ 31ರಲ್ಲಿ. ಕಾರವಾರದ ಮೀನು ಬಂದರು ಬೈತಖೋಲದಲ್ಲಿ ಮೀನು ಮಾರುವ ಹೆಂಗಸು ಚೀಟಿ ಕೇಳುವುದಿಲ್ಲ, ಸ್ಕ್ಯಾನ್ ಮಾಡುವುದಿಲ್ಲ. ‘ಯಾರ ಮನೆಯವನೋ ನೀನು?’ ಅನ್ನುತ್ತಾಳೆ. ನಿಮ್ಮ ನಾಯಕ ಬೆವರುತ್ತಾನೆ. ನಾನೂ ಬೆವರಿದ್ದೇನೆ. ಒಮ್ಮೆ ಕುಮಟಾದಿಂದ ಶಿರಸಿಗೆ ಬಸ್ಸಲ್ಲಿ ಬರುವಾಗ ಪಕ್ಕದ ಹಿರಿಯರು ‘ಯಾವೂರಾತು ತಮಾ?’ ಅಂದರು. ಮಾತು ಬೇಡವಾಗಿತ್ತು, ಯಲ್ಲಾಪುರ ಅಂದುಬಿಟ್ಟೆ. ಅವರ ಹೆಂಡತಿಯ ತವರು ಅಲ್ಲೇ! ದೇವಿಮನೆ ಘಟ್ಟ ಹತ್ತುವಷ್ಟರಲ್ಲಿ ನನ್ನ ಬಳಿ ಸುಳ್ಳು ಮುಗಿದಿತ್ತು. ಅಲ್ಲಿ ದಾಳ ಬೇಕಾಗಲಿಲ್ಲ.

ತಾಳಮದ್ದಲೆ ನೋಡಿದ್ದೀರಲ್ವಾ? ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷವಿಲ್ಲ, ಕೂತು ಮಾತಾಡುವುದಷ್ಟೇ. ಎದುರಿನ ಅರ್ಥಧಾರಿ, ಅಂದರೆ ಇನ್ನೊಂದು ಪಾತ್ರವಾಗಿ ಮಾತಾಡುವವರು, ಒಂದು ಪ್ರಶ್ನೆ ಎಸೆದರೆ ಪಾತ್ರದೊಳಗಿದ್ದೇ ಉತ್ತರ ಹುಟ್ಟಬೇಕು. ನಿಮ್ಮ ಗೇಟೂ ಹಾಗಿರಲಿ. ಪ್ರತಿ ನಕಲಿ ಗುರುತಿಗೆ ಊರು, ತಾಯಿಯ ತವರು, ಓದಿದ ಶಾಲೆ ಬರೆಸಿ. ಕೊಟ್ಟ ಉತ್ತರ ಹಾಳೆಯಲ್ಲಿ ಉಳಿಯಲಿ, ಮುಂದಿನ ವಾರ ಅದಕ್ಕೆ ತಪ್ಪಿದರೆ ಗುರುತು ಸವೆಯಲಿ.

ನೀವು ಮುಟ್ಟದೇ ಬಿಟ್ಟದ್ದು ಇನ್ನೊಂದಿದೆ. ನೌಕಾಪಡೆಯ ಸೀಬರ್ಡ್ ಯೋಜನೆಗೆ ಕಾರವಾರ, ಅಂಕೋಲಾ ಕಡಲ ಬದಿಯ ಊರುಗಳೇ ಎದ್ದು ಹೋದವು. 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ಹಾಗೆ ಎದ್ದು ಹೋದ ಮನೆಯ ಮೊಮ್ಮಗಳೊಬ್ಬಳು ನಿಮ್ಮ ಗೇಟಿಗೆ ಬರಲಿ. ಅಜ್ಜಿಯ ಊರಿನ ಹೆಸರು ಹೇಳುತ್ತಾಳೆ, ಯಂತ್ರ ‘ಇಂಥ ಊರಿಲ್ಲ’ ಅನ್ನುತ್ತದೆ. ಅವಳ ಹಿಂದೆ ನಿಂತ ನಿಮ್ಮ ನಕಲಿ ನಾಯಕನಿಗೆ ಹಸಿರು ದೀಪ. ಆಗ ಅವನು ಏನು ಮಾಡುತ್ತಾನೆ? ಅದನ್ನು ಆಟಗಾರರಿಗೆ ಬಿಡಿ. ನೌಕಾನೆಲೆಯ ಒಳಗಿನ ನಕ್ಷೆ ಮಾತ್ರ ಬೇಡ, ಕಟ್ಟುಕತೆಯ ಕಂಪನಿ ಬಂದರು ಸಾಕು.

ಪುಟ 14ರಿಂದ 27ರವರೆಗಿನ ಕೋಷ್ಟಕಗಳನ್ನು ತೆಗೆದು ಮತ್ತೆ ಕಳಿಸಿ. ಮೀನಿನವಳಿಗೆ ಮಾತ್ರ ಕೈ ಹಚ್ಚಬೇಡಿ.