ಸೋಮವಾರ ಆ ಹಾಳೆಗೆ ಸಹಿ ಹಾಕಬೇಡಿ

ತೀರ್ಥಹಳ್ಳಿ ಕಡೆಯ ತಂಗಿಯೊಬ್ಬರ ಪತ್ರ ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ 11 ವರ್ಷ 8 ತಿಂಗಳು ಲೆಕ್ಕ ಬರೆದಿದ್ದಾರೆ. ಸಂಬಳ 15,600 ರೂಪಾಯಿ. ಈಗ ಕಂಪ್ಯೂಟರ್ ಬಂತು, ಸಾಹುಕಾರರ ಮಗನೇ ಲೆಕ್ಕ ನೋಡ್ತಾನೆ, ನೀನಿನ್ನು ಬರೋದು ಬೇಡ ಅಂದಿದ್ದಾರೆ. ಕೈಗೆ 25,000 ಕೊಡ್ತಾರಂತೆ. 'ಜಾಸ್ತಿ ಕೇಳಿದರೆ ತಪ್ಪಾಗುತ್ತಾ?' ಇದು ಅವರ ಪ್ರಶ್ನೆ.

ಪತ್ರದ ಕೊನೆಯಲ್ಲಿ, ಹೆಸರಿನ ಪಕ್ಕ ಸಣ್ಣದಾಗಿ ಇನ್ನೊಂದು ಸಾಲು ಬರೆದಿದ್ದೀರಿ. ಸಾಹುಕಾರರು ಒಂದು ಹಾಳೆ ಟೈಪ್ ಮಾಡಿಸಿ ಇಟ್ಟಿದ್ದಾರೆ, 'ಸ್ವಂತ ಕಾರಣದಿಂದ, ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ' ಅಂತ ಅದರಲ್ಲಿದೆ, ಸೋಮವಾರ ಸಹಿ ಹಾಕಬೇಕು.

ತಂಗೀ, ನಿಮ್ಮ ಇಡೀ ಪತ್ರ ಇರೋದು ಆ ಸಾಲಿನಲ್ಲಿ. ನೀವು ಕೆಲಸ ಬಿಡ್ತಾ ಇಲ್ಲ, ಅವರು ತೆಗೀತಾ ಇದ್ದಾರೆ. ಸಹಿ ಬಿದ್ದರೆ ಅದು ಉಲ್ಟಾ ಆಗುತ್ತೆ.

ರಾಶಿ, ಬೆಟ್ಟೆ, ಗೊರಬಲು ಅಂತ ಊರವರ ಅಡಿಕೆ ಲೆಕ್ಕವನ್ನೆಲ್ಲ ಪೈಸೆ ತಪ್ಪದೆ ಬರೆದವರು ನೀವು. ಈಗ ನಿಮ್ಮ ಲೆಕ್ಕ ಬರೆಯೋಣ. ಹತ್ತು ಜನ ಇರುವ ಕಡೆ ಐದು ವರ್ಷ ದುಡಿದವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಸಿಗಬೇಕು. ನಿಮ್ಮ ಮಂಡಿಯಲ್ಲಿ 14 ಜನ ಇದ್ದೀರಿ. ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ವರ್ಷಕ್ಕೆ 9,000. ಆರು ತಿಂಗಳು ದಾಟಿದ್ದರಿಂದ 12 ವರ್ಷ ಅಂತಲೇ ಲೆಕ್ಕ. ಒಟ್ಟು 1,08,000. ಇದು ರಾಜೀನಾಮೆ ಕೊಟ್ಟರೂ ಬರುತ್ತೆ. ಆದರೆ ಮಾಲೀಕರೇ ತೆಗೆದಾಗ ಇದರ ಮೇಲೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ಅಂದರೆ ಇನ್ನೂ ಒಂದು ಲಕ್ಷದ ಆಸುಪಾಸು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ 15 ದಿನದ ಲೆಕ್ಕ ಹೊಸ ಕಾರ್ಮಿಕ ಸಂಹಿತೆಯಲ್ಲೂ ಹಾಗೇ ಇದೆ. ಆ ಸಹಿಯಿಂದ ಕೈಬಿಟ್ಟು ಹೋಗೋದು ಈ ಹಣ.

ಸಾಹುಕಾರರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರು ವ್ಯಾಪಾರಸ್ಥರು. ಸಿಟ್ಟು ಬಂದಿದ್ದು ನಿಮ್ಮ ಭಾವನ ಮೇಲೆ. 'ಸಹಿ ಹಾಕಿ ಬಾ, ಮುಖ ಕೆಡಿಸ್ಕೋಬೇಡ' ಅಂದರಂತೆ. ಅದೇ ಮಂಡಿಯಲ್ಲಿ ಅವರು ಅಡಿಕೆ ಮೇಲೆ ಅಡ್ವಾನ್ಸ್ ತಂದಿದ್ದಾರೆ ಅಂತಲೂ ನೀವೇ ಬರೆದಿದ್ದೀರಿ. ತಮ್ಮ ಸಾಲಕ್ಕೆ ನಾದಿನಿಯ ಹನ್ನೆರಡು ವರ್ಷದ ದುಡಿಮೆಯನ್ನು ಅಡ ಇಡೋದು ಯಾವ ನ್ಯಾಯ? ಅಕ್ಕನಿಗೆ ಇದು ಗೊತ್ತಾಗಲಿ.

ಎದುರಿಗಿಟ್ಟ ಹಾಳೆಗೆ ಅಲ್ಲೇ ಸಹಿ ಹಾಕಬೇಡಿ ಅಂತ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಇವತ್ತೂ ನನ್ನ ಮಾತು ಅದೊಂದೇ. ಸೋಮವಾರ ಹೋಗಿ, 'ಮನೇಲಿ ಓದಿ ಹೇಳ್ತೀನಿ' ಅಂತ ಹಾಳೆ ತಗೊಂಡು ಬನ್ನಿ. ಅದನ್ನೂ, ಸಂಬಳ ಜಮಾ ಆದ ಪಾಸ್‌ಬುಕ್ಕನ್ನೂ ಹಿಡಿದು ನೇರ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ಭಾವ ಬೇಡ, ಅಕ್ಕನನ್ನು ಜೊತೆಗೆ ಕರ್ಕೊಂಡು ಹೋಗಿ.