ಅರ್ಧ ತಿರುಗಿಸಿದ ವಾಲ್ವ್: ಕಥೆ ಕಳುಹಿಸಿದವರಿಗೊಂದು ಉತ್ತರ

ಮಾನ್ಯರೇ,

ನೀವು ಕಳುಹಿಸಿದ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಆದರೆ ಒಂದು ಸಾಲಿನಲ್ಲಿ ವಿಷಾದ ತಿಳಿಸಿ ಕೈತೊಳೆದುಕೊಳ್ಳಲು ಮನಸ್ಸು ಬಾರದಷ್ಟು ಒಳ್ಳೆಯ ಭಾಗವೊಂದು ಅದರಲ್ಲಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಕಥೆಯಲ್ಲಿ, ಬದುವಿನ ಕಲ್ಲನ್ನು ಕಿತ್ತು ಒಳಕ್ಕೆ ನೆಟ್ಟು, ನಾಯಕನನ್ನು ಇಪ್ಪತ್ತು ವರ್ಷ ಕೋರ್ಟಿಗೆ ಅಲೆಸಿದ ದೊಡ್ಡಪ್ಪನ ಮಗನ ಬೋರ್‌ವೆಲ್ ಬತ್ತಿದೆ. ಅವನ ತೋಟದ ಅಡಿಕೆ ಸೋಗೆ ಹಳದಿಗೆ ತಿರುಗಿದೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ಹಾಕಲು ಹೋದ ನಿಮ್ಮ ನಾಯಕ, ತನ್ನ ತೋಟಕ್ಕೆ ನೀರು ಸಾಕಾದ ಮೇಲೆ ಸ್ಟಾರ್ಟರ್ ಆರಿಸದೆ, ಪೈಪನ್ನು ಬದುವಿನಾಚೆಗೆ ಎಳೆದು ಗೇಟ್ ವಾಲ್ವನ್ನು ಅರ್ಧ ಮಾತ್ರ ತಿರುಗಿಸುತ್ತಾನೆ. ಆ 'ಅರ್ಧ'ದಲ್ಲಿ ಇಡೀ ಕಥೆ ಇದೆ. ಕೊಡುವ ಮನಸ್ಸು, ಕೊಡಲೊಲ್ಲದ ಮನಸ್ಸು ಎರಡೂ ಒಂದೇ ಕೈಯಲ್ಲಿ ಕಾಣುತ್ತವೆ.

ಮುಂದಿನ ಪುಟದಲ್ಲೇ ನೀವು ಅದನ್ನು ಕೆಡಿಸಿದ್ದೀರಿ. ನಾಯಕ ಕಣ್ಣೀರಿಡುತ್ತಾನೆ, ದ್ವೇಷದಿಂದ ಯಾರಿಗೂ ಸುಖವಿಲ್ಲವೆಂದು ಒಂದೂವರೆ ಪುಟ ಯೋಚಿಸುತ್ತಾನೆ. ಬೆಳಗಾಗುತ್ತಲೇ ದಾಯಾದಿ ಓಡಿಬಂದು ಕಾಲಿಗೆ ಬೀಳುತ್ತಾನೆ. ಇಪ್ಪತ್ತು ವರ್ಷದ ಹಗೆ ಒಂದು ರಾತ್ರಿಯ ನೀರಿಗೆ ಕೊಚ್ಚಿಹೋಗುವುದಾದರೆ ಅದು ಹಗೆಯೇ ಆಗಿರಲಿಲ್ಲವೆಂದು ಓದುಗ ತಿಳಿದಾನು.

ವನಪರ್ವದ ಘೋಷಯಾತ್ರೆಯನ್ನು ನೆನೆಯಿರಿ. ಪಾಂಡವರ ಮುಂದೆ ತನ್ನ ವೈಭವ ಮೆರೆಯಲೆಂದು ಕಾಡಿಗೆ ಬಂದ ದುರ್ಯೋಧನ ಗಂಧರ್ವ ಚಿತ್ರಸೇನನ ಸೆರೆಯಾದಾಗ, ಬಿಡಿಸಿ ತನ್ನಿರೆಂದು ಧರ್ಮರಾಯ ತಮ್ಮಂದಿರಿಗೆ ಹೇಳುತ್ತಾನೆ. ನಾವು ಕಷ್ಟಪಟ್ಟು ಮಾಡಬೇಕಾಗಿದ್ದುದನ್ನು ಗಂಧರ್ವರೇ ಮಾಡಿದ್ದಾರಲ್ಲ ಎಂಬುದು ಭೀಮನ ವಾದ. ಆದರೂ ಅವನು ಹೋಗುತ್ತಾನೆ; ಹೋಗುವುದು ಅಣ್ಣನ ಮಾತಿಗಾಗಿಯೇ ಹೊರತು ಕೋಪ ಕರಗಿದ್ದರಿಂದಲ್ಲ. ಇನ್ನು ಬಿಡುಗಡೆಯಾದ ದುರ್ಯೋಧನನ ಪಾಡು ನೋಡಿ: ಹಗೆಗಳ ನೆರವಿನಿಂದ ಜೀವ ಉಳಿಸಿಕೊಂಡ ನಾಚಿಕೆಯನ್ನು ತಾಳಲಾರದೆ ಅನ್ನನೀರು ಬಿಟ್ಟು ಸಾಯಲು ದರ್ಭೆಯ ಮೇಲೆ ಕೂರುತ್ತಾನೆ. ಮುಂದೆ ಯುದ್ಧವೂ ತಪ್ಪಲಿಲ್ಲ.

ನಿಮ್ಮ ದಾಯಾದಿಗೂ ಅಷ್ಟು ಸ್ವಾಭಿಮಾನವಿರಲಿ. ಬೆಳಿಗ್ಗೆ ಒದ್ದೆಯಾದ ಅಡಿಕೆ ಬುಡಗಳನ್ನು ಕಂಡು 'ನಿನ್ನ ನೀರನ್ನು ಯಾರು ಕೇಳಿದ್ದರು?' ಎಂದು ಅವನು ಬದುವಿನ ಮೇಲೆ ನಿಂತು ಗದರಬಹುದು, ಅಥವಾ ಕಂಡೂ ಕಾಣದವನಂತೆ ಹೋಗಬಹುದು. ಆಗ ನಾಯಕ ಎರಡನೆಯ ರಾತ್ರಿಯೂ ವಾಲ್ವ್ ತಿರುಗಿಸುತ್ತಾನೋ ಇಲ್ಲವೋ ಎಂಬುದು ನಿಜವಾದ ಪ್ರಶ್ನೆಯಾಗುತ್ತದೆ. ಈಗಿರುವ ಕಥೆಯಲ್ಲಿ ಎರಡನೆಯ ರಾತ್ರಿಯೇ ಇಲ್ಲ.

ಕೋರ್ಟಿನ ಮೂರು ಪುಟಗಳನ್ನು ತೆಗೆದುಹಾಕಿ. ಜಮೀನಿನ ದಾವೆಯಲ್ಲಿ ವಕೀಲರು ಸಿನಿಮಾದಲ್ಲಿನಂತೆ ಗುಡುಗುವುದಿಲ್ಲ. ಹೆಚ್ಚಿನ ದಿನಗಳಲ್ಲಿ ಮುಂದಿನ ವಾಯಿದೆ ಪಡೆದು ಹೊರಬರುತ್ತಾರೆ. ನಾಯಕನ ಟ್ರಂಕಿನಲ್ಲಿ ಪಹಣಿ, ಸರ್ವೆ ನಕ್ಷೆಗಳ ಕಟ್ಟಿನ ಜೊತೆಗೆ ಇರುವ ಹಳೆಯ ಬಸ್ ಟಿಕೆಟ್‌ಗಳೇ ಆ ಇಪ್ಪತ್ತು ವರ್ಷವನ್ನು ಹೇಳಲು ಸಾಕು. ಹೆಂಡತಿಯ ಮಾತುಗಳು ಸೊಗಸಾಗಿವೆ. ನೀರು ಬಿಟ್ಟದ್ದು ತಿಳಿದೂ ಆಕೆ ಏನೂ ಕೇಳದೆ ಕಾಫಿ ಲೋಟ ಇಟ್ಟುಹೋಗುವಲ್ಲಿ ನೀವು ನಿಮ್ಮ ಕಣ್ಣನ್ನು ನಂಬಿದ್ದೀರಿ.

ತಿದ್ದಿ ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ. ಕೊನೆಯ ಎರಡು ಪುಟಗಳನ್ನು ಪೂರ್ತಿ ಹೊಸದಾಗಿ ಬರೆಯಬೇಕಾದೀತು. ವಾಲ್ವಿನ ಸಾಲನ್ನು ಮಾತ್ರ ಮುಟ್ಟಬೇಡಿ.

ಇತಿ,
ಸಂಪಾದಕ