ಕುರುಕ್ಷೇತ್ರಕ್ಕೆ ಒಂದೇ ಚಕ್ರ ಸಾಕಾ ಸಾರ್?

ಪ್ರಶ್ನೆ: ಸಾರ್, ನಮ್ದು ತುರುವೇಕೆರೆ ಹತ್ರ ಒಂದು ಹಳ್ಳಿ, ಜಾತ್ರೆಗೆ ಕುರುಕ್ಷೇತ್ರ ನಾಟಕ ಆಡ್ತೀವಿ. ಪಾತ್ರಧಾರಿಗಳೇ ಕೈಯಿಂದ ದುಡ್ಡು ಹಾಕ್ಕೊಂಡು ಆಡೋದು, ಅದ್ರಲ್ಲಿ ಮುಕ್ಕಾಲು ಪಾಲು ಸೀನರಿಗೆ, ಡ್ರೆಸ್ಸಿಗೇ ಹೋಗುತ್ತೆ. ಯಾರೋ ಇಂಗ್ಲೆಂಡಿನ ಡೈರೆಕ್ಟರು ಒಂದು ಚಕ್ರ ಇಟ್ಕೊಂಡು ರಥ ತೋರಿಸಿದ್ರಂತೆ, ನಿಜವಾ? ಅವರು ಸಿನಿಮಾದವರಾ, ನಾಟಕದವರಾ?

ಉತ್ತರ: ನಿಜ. ಅವರ ಹೆಸರು ಪೀಟರ್ ಬ್ರೂಕ್, 1925ರಲ್ಲಿ ಲಂಡನ್ನಲ್ಲಿ ಹುಟ್ಟಿದವರು. ಸಿನಿಮಾನೂ ಮಾಡಿದ್ರು, ಆದ್ರೆ ನನ್ನ ಕೇಳಿದ್ರೆ ನಾಟಕದವರೇ. ಇಪ್ಪತ್ತೊಂದನೇ ವಯಸ್ಸಿಗೇ ಷೇಕ್ಸ್‌ಪಿಯರ್ ಹುಟ್ಟಿದೂರು ಸ್ಟ್ರಾಟ್‌ಫರ್ಡಲ್ಲಿ ನಾಟಕ ಮಾಡಿಸಿದ್ರು, ಅದಾದ್ಮೇಲೆ ಲಂಡನ್ನಿನ ರಾಯಲ್ ಒಪೆರಾ ಹೌಸಲ್ಲಿ ಕೆಲಸ, ಅಂದ್ರೆ ದೊಡ್ಡ ದೊಡ್ಡ ಸೆಟ್ಟು, ಪರದೆ, ಲೈಟು ಎಲ್ಲ ಕಂಡುಂಡವರು. ನಮ್ಮ ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರಕ್ಕೆ ಆನೆ ಕುದುರೆನೇ ಸ್ಟೇಜಿಗೆ ಹತ್ತಿಸಿತ್ತಲ್ಲ, ಅಂಥ ವೈಭವದ ರುಚಿ ಬ್ರೂಕ್‌ಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಒಂದೊಂದಾಗಿ ಕಳಚಿ ಪಕ್ಕಕ್ಕಿಟ್ರು ನೋಡಿ, ನನಗೆ ಅವರು ದೊಡ್ಡವರು ಅನ್ಸೋದು ಅದಕ್ಕೇ.

1963ರಲ್ಲಿ ಲಾರ್ಡ್ ಆಫ್ ದ ಫ್ಲೈಸ್ ಸಿನಿಮಾಗೆ ಕ್ಯಾಮೆರಾ ಮುಂದೆ ನಿಂತು ಅಭ್ಯಾಸನೇ ಇಲ್ಲದ ಹುಡುಗರನ್ನ ಹಾಕ್ಕೊಂಡ್ರು. 1970ರಲ್ಲಿ ಷೇಕ್ಸ್‌ಪಿಯರ್ ನಾಟಕದ ಕಾಡನ್ನ ಒಂದು ಬಿಳಿ ಡಬ್ಬದಂಥ ಸ್ಟೇಜಲ್ಲಿ ತೋರಿಸಿದ್ರು, ಮರ ಇಲ್ಲ ಗಿಡ ಇಲ್ಲ, ನಟರು ಸರ್ಕಸ್ಸಿನವರ ಥರ ಉಯ್ಯಾಲೆ ಮೇಲೆ. ಆಮೇಲೆ ಇಂಗ್ಲೆಂಡ್ ಬಿಟ್ಟು ಪ್ಯಾರಿಸ್ಸಿಗೆ ಹೋದ್ರು, ಅಲ್ಲಿಂದ ನಟರನ್ನ ಕಟ್ಕೊಂಡು ಆಫ್ರಿಕಾದ ಹಳ್ಳಿಹಳ್ಳಿ ಸುತ್ತಿದ್ರು, ಊರ ನಡುವೆ ಒಂದು ಕಾರ್ಪೆಟ್ ಹಾಸೋದು, ಅದೇ ಸ್ಟೇಜು, ಸುತ್ತ ಜನ. 1974ರಲ್ಲಿ ಪ್ಯಾರಿಸ್ಸಲ್ಲಿ ಒಂದು ಪಾಳುಬಿದ್ದ ಥಿಯೇಟರ್ ಹಿಡಿದ್ರು, ಅದರ ಗೋಡೆಗೆ ಹೊಸ ಬಣ್ಣನೂ ಹೊಡೆಸ್ಲಿಲ್ಲ, ಹಂಗೇ ಬಿಟ್ರು.

ಮಹಾಭಾರತ ಮಾಡಿದ್ದು 1985ರಲ್ಲಿ, ಫ್ರಾನ್ಸಿನ ಅವಿನ್ಯೋನ್ ಹತ್ರ ಒಂದು ಕಲ್ಲು ಕ್ವಾರಿಯಲ್ಲಿ. ಒಂಬತ್ತು ಗಂಟೆ! ಕೆಲವು ದಿನ ರಾತ್ರಿ ಶುರು ಮಾಡಿ ಬೆಳಗಾಗೋವರೆಗೂ ಆಡ್ತಿದ್ರು, ಬಂಡೆ ಮೇಲೆ ಸೂರ್ಯ ಹುಟ್ಟೋ ಹೊತ್ತಿಗೆ ನಾಟಕ ಮುಗೀತಿತ್ತು. ನಿಮ್ಮೂರಿನವರಿಗೆ ಇದೇನು ಹೊಸದಲ್ಲ, ಚಾಪೆ ಕಂಬಳಿ ತಂದು ಕೂತು ಗದಾಯುದ್ಧ ನೋಡ್ಕೊಂಡೇ ಮನೆಗೆ ಹೋಗೋ ಜನ ನಾವು, ಆದ್ರೆ ಅಲ್ಲಿನವರಿಗೆ ಅದೊಂದು ಆಶ್ಚರ್ಯ. ಕೆಳಗೆ ಮಣ್ಣು, ಸ್ವಲ್ಪ ನೀರು, ಬೆಂಕಿ, ಒಂದಿಷ್ಟು ಬಟ್ಟೆ, ಅಷ್ಟೇ. ರಥ ಬೇಕಾದಾಗ ಒಂದು ಚಕ್ರ. ನಟರು ಬೇರೆಬೇರೆ ದೇಶದವರು, ದ್ರೌಪದಿ ಮಾತ್ರ ನಮ್ಮ ದೇಶದ ಡ್ಯಾನ್ಸರ್ ಮಲ್ಲಿಕಾ ಸಾರಾಭಾಯಿ. 1989ರಲ್ಲಿ ಅದನ್ನೇ ಸಿನಿಮಾನೂ ಮಾಡಿದ್ರು.

ನನಗೆ ಒಪ್ಪಿಗೆ ಆಗದೇ ಇರೋದೂ ಒಂದಿದೆ. ಗೀತೆ ಹೇಳೋ ಜಾಗದಲ್ಲಿ ಕೃಷ್ಣ ಅರ್ಜುನನ ಕಿವೀಲಿ ಏನೋ ಪಿಸುಗುಟ್ಟಿ ಮುಗಿಸಿಬಿಡ್ತಾನೆ, ಅಷ್ಟು ಸಣ್ಣದಾಗಿ. ನಮ್ಮ ಕಡೆ ಆ ಸೀನಿಗೆ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಏರಿಸಿದ್ರೆ ಮಲಗಿದ್ದ ಮಕ್ಕಳೂ ಎದ್ದು ಕೂರ್ತಾವೆ. ನಾಟಕದ ವಿಮರ್ಶೆ ಬರೆಯೋ ನಮ್ಮ ದೇಶದ ರುಸ್ತಂ ಭರೂಚಾ ಅವರು, ಈ ನೆಲದ ಕತೇನ ಈ ನೆಲದಿಂದ ಕಿತ್ತು ತಗೊಂಡೋದ್ರು ಅಂತ ಖಾರವಾಗೇ ಬರೆದ್ರು, ಆ ಮಾತನ್ನ ತಳ್ಳಿಹಾಕೋಕೆ ಆಗಲ್ಲ. ನಮ್ಮ ಸರ್ಕಾರ 2021ರಲ್ಲಿ ಬ್ರೂಕ್‌ಗೆ ಪದ್ಮಶ್ರೀ ಕೊಡ್ತು, ಮುಂದಿನ ವರ್ಷ ಜುಲೈನಲ್ಲಿ ತೀರಿಕೊಂಡ್ರು, 97 ವರ್ಷ.

ಇನ್ನು ನಿಮ್ಮ ಖರ್ಚಿನ ವಿಷಯ. ದುರ್ಯೋಧನನ ಕಿರೀಟ, ಭುಜಕೀರ್ತಿ ಬಿಡಬೇಡಿ, ದುಡ್ಡು ಕೊಟ್ಟು ಪಾತ್ರ ತಗೊಂಡವನಿಗೆ ಆ ಒಂದು ರಾತ್ರಿ ಅದನ್ನ ಹಾಕ್ಕೊಳ್ಳೋ ಆಸೆ ಇರುತ್ತೆ. ಆದ್ರೆ ರಥದ ಸೀನರಿ ಬಾಡಿಗೆ ಒಂದ್ಸಲ ಉಳಿಸಿ ನೋಡಿ. ಊರಲ್ಲಿ ಯಾರದಾದ್ರೂ ಹಿತ್ಲಲ್ಲಿ ಹಳೇ ಎತ್ತಿನಗಾಡಿ ಚಕ್ರ ಒರಗಿಸಿರ್ತಾರೆ, ಅದನ್ನೇ ತಂದು ಸ್ಟೇಜ್ ಮೇಲೆ ಒಂದು ಮಂಕರಿ ಮಣ್ಣು ಸುರಿದು ಅರ್ಧ ಹೂತಿಡಿ. ಕರ್ಣ ಅದಕ್ಕೆ ಹೆಗಲು ಕೊಟ್ಟು ಎತ್ತಲಿ, ಕಬ್ಬಿಣದ ಪಟ್ಟಿ ಹೊಡೆದಿರೋ ನಿಜವಾದ ಚಕ್ರ, ಬೇಗ ಮೇಲೇಳಲ್ಲ.